ಕಣ್ಣಿನ ಕೆಳಗಿನ ಊತ: ಕಾರಣ ತಿಳಿದು ಚಿಕಿತ್ಸೆ ಪಡೆಯಿರಿ

ಬೆಳಗ್ಗೆ ಎದ್ದು ಮುಖ ತೊಳೆಯುವಾಗ ಕಣ್ಣಿನ ಕೆಳಭಾಗವು ಊದಿಕೊಂಡಿರುವುದನ್ನು ನೀವು ಎಷ್ಟೋ ಬಾರಿ ಗಮನಿಸಿರಬಹುದು. ರಾತ್ರಿಯೆಲ್ಲ ಹೊಲಕ್ಕೆ ನೀರು ಹಾಯಿಸಿದವರಿಗೆ, ಹಸುಗೂಸಿನೊಡನೆ ನಿದ್ದೆಗೆಟ್ಟ ತಾಯಿಗೆ ಇದು ಸಾಮಾನ್ಯವಾದ ಅನುಭವ. ಹಲವರಲ್ಲಿ ಈ ಊತವು ಮಧ್ಯಾಹ್ನದ ವೇಳೆಗೆ ತಾನಾಗಿಯೇ ಇಳಿದುಹೋಗುತ್ತದೆ. ಕೆಲವರಲ್ಲಿ ಅದು ವಯಸ್ಸಿನೊಡನೆ ಸ್ಥಿರವಾಗಿ ನಿಂತು ಪುಟ್ಟ ಚೀಲದಂತೆ ಕಾಣುತ್ತದೆ. ಇನ್ನು ಕೆಲವರಲ್ಲಿ, ಮುಖ್ಯವಾಗಿ ಗರ್ಭಿಣಿಯರಲ್ಲಿಯೂ ಚಿಕ್ಕ ಮಕ್ಕಳಲ್ಲಿಯೂ, ಅದು ದೇಹದೊಳಗಿನ ಗಂಭೀರ ಕಾಯಿಲೆಯ ಮೊದಲ ಸೂಚನೆಯಾಗಿರಬಹುದು. ನೋಡುವುದಕ್ಕೆ ಇವೆಲ್ಲವೂ ಒಂದೇ ತೆರನಾಗಿದ್ದರೂ ಇವುಗಳ ಚಿಕಿತ್ಸೆ ಬೇರೆ ಬೇರೆ. ಆದಕಾರಣ ಮೊದಲು ಕಾರಣವನ್ನು ತಿಳಿಯಬೇಕು. ಅನಂತರ ಔಷಧವನ್ನು ಯೋಚಿಸಬೇಕು.

ಊತವು ಕಣ್ಣಿನ ಕೆಳಗೇ ಏಕೆ?

ನಮ್ಮ ದೇಹದಲ್ಲಿ ಅತ್ಯಂತ ತೆಳುವಾದ ಚರ್ಮವಿರುವುದು ಕಣ್ಣಿನ ರೆಪ್ಪೆಗಳಲ್ಲಿ. ಅದರ ಕೆಳಗಿನ ಅಂಗಾಂಶವು ಸಡಿಲವಾದುದು. ದೇಹದಲ್ಲಿ ನೀರಿನ ಅಂಶವು ಸ್ವಲ್ಪ ಹೆಚ್ಚಿದರೂ ಅದು ಈ ಸಡಿಲವಾದ ಜಾಗದಲ್ಲಿ ಸುಲಭವಾಗಿ ಸಂಗ್ರಹವಾಗುತ್ತದೆ. ನಾವು ನಿಂತು ನಡೆದಾಡುವಾಗ ನೀರು ಕಾಲುಗಳ ಕಡೆಗೆ ಇಳಿಯುತ್ತದೆ. ರಾತ್ರಿ ಮಲಗಿದಾಗ ಮುಖದಲ್ಲಿಯೂ ನಿಲ್ಲುತ್ತದೆ. ಬೆಳಗಿನ ಹೊತ್ತು ಊತವು ಎದ್ದು ಕಾಣುವುದಕ್ಕೆ ಇದೇ ಕಾರಣ.

ಕಣ್ಣುಗುಡ್ಡೆಯ ಸುತ್ತಲೂ ಅದನ್ನು ರಕ್ಷಿಸುವ ಕೊಬ್ಬಿನ ಮೆತ್ತೆಯಿದೆ. ಅದನ್ನು ತೆಳುವಾದ ಪೊರೆಯೊಂದು ಹಿಡಿದಿಟ್ಟಿರುತ್ತದೆ. ವಯಸ್ಸಾದಂತೆ ಆ ಪೊರೆಯು ಸಡಿಲಗೊಂಡು ಕೊಬ್ಬು ಮುಂದಕ್ಕೆ ಸರಿಯುತ್ತದೆ. ಇದೇ ಕಣ್ಣಿನ ಕೆಳಗಿನ ಚೀಲ. ಕೆಲವು ಮನೆತನಗಳಲ್ಲಿ ಇದು ಚಿಕ್ಕ ವಯಸ್ಸಿನಲ್ಲೇ ಕಾಣಿಸಿಕೊಳ್ಳುತ್ತದೆ. ಇದರಲ್ಲಿ ನೋವಿಲ್ಲ, ತುರಿಕೆಯಿಲ್ಲ, ದೃಷ್ಟಿಗೂ ತೊಂದರೆಯಿಲ್ಲ.

ಸಾಮಾನ್ಯ ಊತಕ್ಕೆ ಮನೆಯಲ್ಲಿಯೇ ಮಾಡಬಹುದಾದ ಉಪಚಾರ

ನಿದ್ದೆಗೇಡು, ಅತಿಯಾದ ಉಪ್ಪು, ಮದ್ಯಪಾನ, ಬಹಳ ಹೊತ್ತಿನ ಅಳು, ಇವುಗಳಿಂದಾಗುವ ಊತಕ್ಕೆ ಔಷಧವೇ ಬೇಕಿಲ್ಲ. ಶುಭ್ರವಾದ ಬಟ್ಟೆಯನ್ನು ತಣ್ಣೀರಿನಲ್ಲಿ ಅದ್ದಿ ಹಿಂಡಿ, ಮುಚ್ಚಿದ ಕಣ್ಣುಗಳ ಮೇಲೆ ಹತ್ತು ನಿಮಿಷ ಇಟ್ಟುಕೊಳ್ಳಿರಿ. ಮಲಗುವಾಗ ತಲೆಯು ಸ್ವಲ್ಪ ಎತ್ತರದಲ್ಲಿರಲಿ. ವಯಸ್ಕರು ದಿನಕ್ಕೆ 5 ಗ್ರಾಂಗಿಂತ, ಎಂದರೆ ಸುಮಾರು ಒಂದು ಟೀ ಚಮಚಕ್ಕಿಂತ, ಕಡಿಮೆ ಉಪ್ಪನ್ನು ಬಳಸಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯು ಸಲಹೆ ನೀಡಿದೆ. ಸಾರು, ಪಲ್ಯಗಳಿಗೆ ಹಾಕಿದ ಉಪ್ಪಷ್ಟೇ ಅಲ್ಲ, ಉಪ್ಪಿನಕಾಯಿ, ಹಪ್ಪಳ, ಸಂಡಿಗೆ, ಒಣಮೀನುಗಳಲ್ಲಿರುವ ಉಪ್ಪೂ ಈ ಲೆಕ್ಕಕ್ಕೆ ಸೇರಿದೆ. ಬಳಸುವ ಉಪ್ಪು ಅಯೋಡಿನ್‌ಯುಕ್ತವಾಗಿರಲಿ.

ಊತದೊಡನೆ ತುರಿಕೆ, ಕಣ್ಣಲ್ಲಿ ನೀರು, ಸೀನು ಇದ್ದರೆ ಅದು ಅಲರ್ಜಿಯಿಂದ ಆಗಿರಬಹುದು. ಕಣದ ಧೂಳು, ಒಲೆಯ ಹೊಗೆ, ಹೊಲದ ಬದುಗಳಲ್ಲಿ ಬೆಳೆಯುವ ಪಾರ್ಥೇನಿಯಂ ಗಿಡ, ಹೊಸದಾಗಿ ಹಚ್ಚಿದ ಕಾಡಿಗೆ, ಇವುಗಳಲ್ಲಿ ಯಾವುದು ಕಾರಣವೆಂದು ಗಮನಿಸಿರಿ. ತಲೆಗೂದಲಿಗೆ ಕಪ್ಪು ಬಣ್ಣ ಹಚ್ಚಿದ ಒಂದೆರಡು ದಿನಗಳಲ್ಲಿ ರೆಪ್ಪೆಗಳು ಬಾತುಕೊಂಡರೆ ಆ ಬಣ್ಣವನ್ನು ಮತ್ತೆಂದೂ ಬಳಸಬಾರದು. ಕಣ್ಣನ್ನು ಉಜ್ಜದಿರುವುದು, ತಣ್ಣೀರಿನಿಂದ ತೊಳೆಯುವುದು, ಕಾರಣವಾದ ವಸ್ತುವಿನಿಂದ ದೂರವಿರುವುದು ಮುಖ್ಯ ಚಿಕಿತ್ಸೆ. ಅಗತ್ಯವಿದ್ದರೆ ವೈದ್ಯರು ಅಲರ್ಜಿಯ ಮಾತ್ರೆಯನ್ನೋ ಕಣ್ಣಿನ ಹನಿಯನ್ನೋ ಕೊಡುತ್ತಾರೆ.

ಗರ್ಭಿಣಿಯ ಮುಖ ಊದಿದರೆ

ದಂಪತಿಗಳು ಈ ಭಾಗವನ್ನು ಒಟ್ಟಿಗೆ ಕುಳಿತು ಓದಬೇಕು. ಗರ್ಭಿಣಿಯ ಮುಖವು ಊದಿಕೊಂಡಾಗ “ಬಸುರಿ ಮೈಕೈ ತುಂಬಿಕೊಂಡಿದ್ದಾಳೆ” ಎಂದು ಮನೆಯವರು ಸಂತೋಷಪಡುವುದುಂಟು. ತಿಂಗಳು ತುಂಬುತ್ತ ಬಂದಂತೆ ಸಂಜೆಯ ವೇಳೆಗೆ ಪಾದಗಳು ಸ್ವಲ್ಪ ಊದುವುದು ಸಾಮಾನ್ಯವೇ ಹೌದು. ಆದರೆ ಐದು ತಿಂಗಳು ಕಳೆದ ಮೇಲೆ ಬೆಳಗ್ಗೆ ಕಣ್ಣಿನ ಸುತ್ತ ಊತವಿದ್ದರೆ, ಕೈಬೆರಳುಗಳು ಊದಿ ಉಂಗುರ ಬಿಗಿಯಾದರೆ, ತೂಕವು ಹಠಾತ್ತನೆ ಏರಿದರೆ ಅದನ್ನು ಸಹಜವೆಂದು ಬಿಡುವಂತಿಲ್ಲ. ಅದು ಗರ್ಭಕಾಲದ ಏರು ರಕ್ತದೊತ್ತಡದ ಸೂಚನೆಯಾಗಿರಬಹುದು. ರಕ್ತದೊತ್ತಡವು 140/90 ಅಥವಾ ಅದಕ್ಕೂ ಹೆಚ್ಚಾಗಿದ್ದು, ಮೂತ್ರದಲ್ಲಿ ಪ್ರೋಟೀನ್ ಕಂಡುಬಂದರೆ ತಾಯಿಗೂ ಮಗುವಿಗೂ ಅಪಾಯವಿದೆ. ಅಲಕ್ಷಿಸಿದರೆ ಫಿಟ್ಸ್ ಬಂದು ಇಬ್ಬರ ಪ್ರಾಣಕ್ಕೂ ಕುತ್ತಾಗಬಹುದು.

ಇಂತಹ ಊತಕ್ಕೆ ಉಪ್ಪು, ನೀರುಗಳನ್ನು ಬಿಡಿಸಿ ಮನೆಯಲ್ಲಿ ಕಾಯುವುದು ಚಿಕಿತ್ಸೆಯಲ್ಲ. ಮೂತ್ರ ಹೆಚ್ಚಿಸುವ ಮಾತ್ರೆಯನ್ನು ಅಂಗಡಿಯಿಂದ ತಂದು ಕೊಡುವುದು ಅಪಾಯಕರ. ಅದೇ ದಿನ ರಕ್ತದೊತ್ತಡವನ್ನು ಅಳೆಯಿಸಿ, ಮೂತ್ರವನ್ನು ಪರೀಕ್ಷೆ ಮಾಡಿಸಬೇಕು. ಈ ಎರಡು ಪರೀಕ್ಷೆಗಳಿಗೆ ಹೆಚ್ಚು ಹೊತ್ತು ಹಿಡಿಯುವುದಿಲ್ಲ. ರಕ್ತದೊತ್ತಡ ಏರಿದ್ದರೆ ವೈದ್ಯರು ಗರ್ಭಿಣಿಗೆ ತಕ್ಕ ಮಾತ್ರೆಗಳನ್ನು ಕೊಡುತ್ತಾರೆ. ಫಿಟ್ಸ್ ತಡೆಯಲು ಮೆಗ್ನೀಸಿಯಂ ಸಲ್ಫೇಟ್ ಚುಚ್ಚುಮದ್ದು ಇದೆ. ಅಗತ್ಯವಿದ್ದಾಗ ಹೆರಿಗೆಯನ್ನು ಬೇಗ ಮಾಡಿಸುತ್ತಾರೆ. ವಿಪರೀತ ತಲೆನೋವು, ಕಣ್ಣು ಮಂಜಾಗುವುದು, ಹೊಟ್ಟೆಯ ಮೇಲ್ಭಾಗದಲ್ಲಿ ನೋವು, ಮೂತ್ರ ಕಡಿಮೆಯಾಗುವುದು, ಇವುಗಳಲ್ಲಿ ಒಂದು ಕಂಡರೂ ರಾತ್ರಿಯೇ ಆಗಿರಲಿ, 108 ಸಂಖ್ಯೆಗೆ ಕರೆ ಮಾಡಿ ಆಸ್ಪತ್ರೆಗೆ ಹೊರಡಿರಿ. ಹೆರಿಗೆಯಾದ ಮೇಲೂ ಆರು ವಾರಗಳ ತನಕ ಈ ಎಚ್ಚರಿಕೆ ಇರಬೇಕು.

2016ರಿಂದ ಪ್ರತಿ ತಿಂಗಳ 9ನೆಯ ತಾರೀಖಿನಂದು ಸರಕಾರಿ ಆರೋಗ್ಯ ಕೇಂದ್ರಗಳಲ್ಲಿ ಪ್ರಧಾನಮಂತ್ರಿ ಸುರಕ್ಷಿತ ಮಾತೃತ್ವ ಅಭಿಯಾನದಡಿ ಗರ್ಭಿಣಿಯರಿಗೆ ಉಚಿತ ತಪಾಸಣೆ ನಡೆಯುತ್ತಿದೆ. ತಾಯಿ ಕಾರ್ಡಿನಲ್ಲಿ ಪ್ರತಿ ಭೇಟಿಯ ರಕ್ತದೊತ್ತಡವನ್ನು ಬರೆಸಿಕೊಳ್ಳಿರಿ. ಆದರೆ ಮುಖದ ಊತ ಕಂಡ ಮೇಲೆ ಮುಂದಿನ 9ನೆಯ ತಾರೀಖಿಗೆ ಕಾಯಬಾರದು.

ತೀವ್ರವಾದ ರಕ್ತಹೀನತೆಯಿಂದಲೂ ಮುಖ ಬಿಳಿಚಿ ಊದಿಕೊಳ್ಳುತ್ತದೆ. ಗರ್ಭಿಣಿಯ ರಕ್ತದಲ್ಲಿ ಹಿಮೋಗ್ಲೋಬಿನ್ 11 ಗ್ರಾಂಗಿಂತ ಕಡಿಮೆಯಿರಬಾರದು. ಮೂರು ತಿಂಗಳು ಕಳೆದ ಮೇಲೆ ಕೊಡುವ ಕಬ್ಬಿಣಾಂಶದ ಮಾತ್ರೆಯನ್ನು ದಿನಕ್ಕೊಂದರಂತೆ 180 ದಿನ, ಹೆರಿಗೆಯ ನಂತರ ಮತ್ತೆ 180 ದಿನ ತಪ್ಪದೆ ಸೇವಿಸಬೇಕು. ಮಲವು ಕಪ್ಪಾಯಿತೆಂದು ಹೆದರಿ ಮಾತ್ರೆಯನ್ನು ಬಿಡಬೇಡಿರಿ; ಅದು ಮಾತ್ರೆಯ ಸಹಜ ಪರಿಣಾಮ.

ಮಗುವಿನ ಕಣ್ಣು ಊದಿದರೆ

ಎರಡರಿಂದ ಆರು ವರ್ಷದ ಮಗುವಿನ ಕಣ್ಣುಗಳು ದಿನವೂ ಬೆಳಗ್ಗೆ ಬಾತುಕೊಂಡಿದ್ದು, ಕೆಲವು ದಿನಗಳಲ್ಲಿ ಹೊಟ್ಟೆ, ಕಾಲುಗಳೂ ಊದಿದರೆ ಮೂತ್ರಪಿಂಡದ ಕಾಯಿಲೆಯನ್ನು ಶಂಕಿಸಬೇಕು. ಈ ಕಾಯಿಲೆಯಲ್ಲಿ ದೇಹದ ಪ್ರೋಟೀನ್ ಮೂತ್ರದೊಡನೆ ಸೋರಿಹೋಗುತ್ತದೆ. ಮೂತ್ರದಲ್ಲಿ ನೊರೆ ಕಾಣುತ್ತದೆ. ತಾಯಿತ ಕಟ್ಟಿ, ದೃಷ್ಟಿ ತೆಗೆದು ಕಾಯುತ್ತ ಕುಳಿತರೆ ಅಮೂಲ್ಯವಾದ ದಿನಗಳು ಕಳೆದುಹೋಗುತ್ತವೆ. ಬರೆ ಹಾಕುವುದರಿಂದ ಗಾಯದ ನಂಜು ಸೇರಿ ಮಗುವಿಗೆ ಮತ್ತಷ್ಟು ಕೇಡು. ಮೂತ್ರ ಪರೀಕ್ಷೆಯಿಂದ ಈ ಕಾಯಿಲೆಯ ಸುಳಿವು ಸಿಗುತ್ತದೆ. ಸಕಾಲದಲ್ಲಿ ಚಿಕಿತ್ಸೆ ಪಡೆದರೆ ಬಹುಪಾಲು ಮಕ್ಕಳಲ್ಲಿ ಊತವು ಇಳಿಯುತ್ತದೆ. ಪ್ರೆಡ್ನಿಸೊಲೋನ್ ಎಂಬ ಔಷಧವನ್ನು ವೈದ್ಯರು ಹೇಳಿದಷ್ಟು ವಾರಗಳು ಕೊಡಲೇಬೇಕು. ಊತ ಇಳಿಯಿತೆಂದು ನಡುವೆ ನಿಲ್ಲಿಸುವುದು ಅಪಾಯ. ಕಾಯಿಲೆ ಮರುಕಳಿಸುವುದುಂಟಾದ್ದರಿಂದ ಮುಂದೆಯೂ ಮೂತ್ರವನ್ನು ಪರೀಕ್ಷಿಸುತ್ತಿರಬೇಕು.

ಶಾಲೆಗೆ ಹೋಗುವ ಮಕ್ಕಳಲ್ಲಿ ಗಂಟಲುನೋವಾದ ಒಂದೆರಡು ವಾರಗಳಲ್ಲಿ, ಇಲ್ಲವೆ ಕೀವುಗಜ್ಜಿಯಾದ ಕೆಲವು ವಾರಗಳ ನಂತರ, ಮುಖ ಊದಿ ಮೂತ್ರವು ಕೆಂಪಗೆ ಅಥವಾ ಚಹಾ ಡಿಕಾಕ್ಷನ್ ಬಣ್ಣಕ್ಕೆ ತಿರುಗಿದರೆ ಅದೂ ಮೂತ್ರಪಿಂಡದ ತೊಂದರೆಯೇ. ಕೂಡಲೇ ವೈದ್ಯರಲ್ಲಿಗೆ ಕರೆದೊಯ್ಯಿರಿ. ಕಜ್ಜಿಗೆ ಮೊದಲೇ ಚಿಕಿತ್ಸೆ ಮಾಡಿಸುವುದು ಜಾಣತನ. ಒಂದೇ ಕಣ್ಣು ಕೆಂಪಾಗಿ, ಬಿಸಿಯಾಗಿ, ನೋವಿನಿಂದ ಊದಿ ಜ್ವರವೂ ಬಂದರೆ ಅದು ಸೋಂಕು. ಅದೇ ದಿನ ಆಸ್ಪತ್ರೆಗೆ ಹೋಗಬೇಕು.

ಥೈರಾಯ್ಡ್ ಕೊರತೆ

ಮುಖ ಉಬ್ಬಿಕೊಂಡಿದ್ದು, ಆಯಾಸ, ಚಳಿ ತಾಳಲಾಗದಿರುವುದು, ಮಲಬದ್ಧತೆ, ದಪ್ಪನೆಯ ಧ್ವನಿ, ಮುಟ್ಟಿನ ಏರುಪೇರು ಕಂಡರೆ ಥೈರಾಯ್ಡ್ ಗ್ರಂಥಿಯ ರಸವು ಕಡಿಮೆಯಾಗಿರಬಹುದು. ಮಕ್ಕಳಾಗುವುದು ತಡವಾಗುವುದಕ್ಕೂ ಇದು ಒಂದು ಕಾರಣ. ರಕ್ತ ಪರೀಕ್ಷೆಯಿಂದ ಇದನ್ನು ತಿಳಿಯಬಹುದು. ದಿನವೂ ಬೆಳಗ್ಗೆ ಬರಿಹೊಟ್ಟೆಯಲ್ಲಿ ಸೇವಿಸುವ ಒಂದು ಮಾತ್ರೆಯಿಂದ ಈ ಕೊರತೆಯು ನೀಗುತ್ತದೆ.

ಶಸ್ತ್ರಚಿಕಿತ್ಸೆ ಯಾರಿಗೆ?

ವಯಸ್ಸಿನಿಂದಾದ ಕೊಬ್ಬಿನ ಚೀಲವು ಮುಲಾಮಿನಿಂದಲೋ ಎಣ್ಣೆಯಿಂದಲೋ ಕರಗುವುದಿಲ್ಲ. ಅದನ್ನು ತೆಗೆಯಲು ಶಸ್ತ್ರಚಿಕಿತ್ಸೆಯಿದೆ. ಕೆಳರೆಪ್ಪೆಯ ಒಳಬದಿಯಿಂದ ಅಥವಾ ರೆಪ್ಪೆಗೂದಲಿನ ಅಂಚಿನಿಂದ ಕೊಬ್ಬನ್ನು ತೆಗೆಯುತ್ತಾರೆ, ಇಲ್ಲವೆ ಸರಿಯಾದ ಸ್ಥಾನಕ್ಕೆ ಸರಿಸುತ್ತಾರೆ. ಒಂದೆರಡು ವಾರ ಊತ, ಕಂದು ಇರುತ್ತದೆ. ರೆಪ್ಪೆಯು ಕೆಳಕ್ಕೆ ಜಗ್ಗುವುದು, ಕಣ್ಣು ಒಣಗುವುದು, ಅಪರೂಪವಾಗಿ ದೃಷ್ಟಿಗೆ ಅಪಾಯ, ಇವೂ ಇವೆ. ಹಳ್ಳದಂತೆ ಕಾಣುವ ಜಾಗಕ್ಕೆ ಚುಚ್ಚುಮದ್ದಿನಿಂದ ಜೆಲ್ ತುಂಬುವ ಕ್ರಮವೂ ಇದೆ. ಅದರ ಪರಿಣಾಮ ಶಾಶ್ವತವಲ್ಲ, ಅಪರೂಪವಾಗಿ ರಕ್ತನಾಳ ಕಟ್ಟಿ ದೃಷ್ಟಿ ಹೋಗುವ ಸಂಭವವೂ ಉಂಟು. ಇವೆರಡೂ ಕೇವಲ ಅಂದಕ್ಕಾಗಿ ಮಾಡುವ ಚಿಕಿತ್ಸೆಗಳು. ಮಾಡಿಸಿಕೊಳ್ಳದಿದ್ದರೆ ಆರೋಗ್ಯಕ್ಕೆ ಯಾವ ನಷ್ಟವೂ ಇಲ್ಲ. ಇದಕ್ಕಾಗಿ ಸಾಲ ಮಾಡುವುದು ಬೇಡ. ಮಾಡಿಸಿಕೊಳ್ಳಲೇಬೇಕೆಂದಿದ್ದರೆ ತರಬೇತಿ ಪಡೆದ ನೇತ್ರ ಶಸ್ತ್ರವೈದ್ಯರ ಅಥವಾ ಪ್ಲಾಸ್ಟಿಕ್ ಶಸ್ತ್ರವೈದ್ಯರ ಬಳಿಗೆ ಮಾತ್ರ ಹೋಗಿರಿ.

ಮಾಡಬಾರದ ಕೆಲಸಗಳು

ಮುಖದ ಕಾಂತಿಗೆಂದು ಮಾರುವ ಸ್ಟೀರಾಯ್ಡ್ ಮುಲಾಮುಗಳನ್ನು ವೈದ್ಯರ ಚೀಟಿಯಿಲ್ಲದೆ ಕಣ್ಣಿನ ಸುತ್ತ ಹಚ್ಚಬೇಡಿರಿ. ಅವುಗಳಿಂದ ಚರ್ಮ ತೆಳುವಾಗುತ್ತದೆ. ಬಹುಕಾಲ ಬಳಸಿದರೆ ಕಣ್ಣಿನ ಒತ್ತಡ ಏರಿ ದೃಷ್ಟಿ ಕೆಡಬಹುದು, ಪೊರೆಯೂ ಬರಬಹುದು. ಸೊಪ್ಪಿನ ರಸ, ಹರಳೆಣ್ಣೆ, ಎದೆಹಾಲುಗಳನ್ನು ಕಣ್ಣಿಗೆ ಬಿಡಬೇಡಿರಿ. ಮೈಕೈ ನೋವಿಗೆಂದು ದಿನವೂ ನೋವಿನ ಮಾತ್ರೆ ನುಂಗುವುದರಿಂದ ದೇಹದಲ್ಲಿ ನೀರು ನಿಂತು ಊತ ಹೆಚ್ಚುತ್ತದೆ, ಮೂತ್ರಪಿಂಡಕ್ಕೂ ಹಾನಿಯಾಗುತ್ತದೆ.

ದಂಪತಿಗಳಿಗೆ ಒಂದು ಮಾತು

ನಮ್ಮ ಮುಖವನ್ನು ನಮಗಿಂತ ಹೆಚ್ಚಾಗಿ ನೋಡುವವರು ಮನೆಯವರು. ಪತ್ನಿಯ ಕಣ್ಣಿನ ಕೆಳಗೆ ಹೊಸದಾಗಿ ಊತ ಕಂಡರೆ ಪತಿಯು ಮೂರು ಪ್ರಶ್ನೆಗಳನ್ನು ಕೇಳಲಿ: ಮಧ್ಯಾಹ್ನಕ್ಕೆ ಇಳಿಯಿತೇ? ಕೈಕಾಲುಗಳೂ ಊದಿವೆಯೇ? ಮೂತ್ರ ಮೊದಲಿನಂತೆ ಹೋಗುತ್ತಿದೆಯೇ? ಪತ್ನಿಯೂ ಪತಿಯ ವಿಷಯದಲ್ಲಿ ಹೀಗೆಯೇ ವಿಚಾರಿಸಲಿ. ಊತ ಇಳಿಯದಿದ್ದರೆ ಅಥವಾ ಪದೇ ಪದೇ ಬರುತ್ತಿದ್ದರೆ ಆಶಾ ಕಾರ್ಯಕರ್ತೆಗೆ ತಿಳಿಸಿ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಿರಿ. ಗರ್ಭಿಣಿಯಾಗಿದ್ದರೆ ಮಧ್ಯಾಹ್ನದವರೆಗೂ ಕಾಯಬೇಕಾಗಿಲ್ಲ.

ಹಿಂದಿನ ಬಸಿರಿನಲ್ಲಿ ರಕ್ತದೊತ್ತಡ ಏರಿದ್ದರೆ, ಮುಂದಿನ ಮಗುವಿಗೆ ಅಂತರ ಇಡುವ ಸಾಧನವನ್ನು ಆರಿಸುವ ಮೊದಲು ಆ ಸಂಗತಿಯನ್ನು ವೈದ್ಯರಿಗೆ ಹೇಳಿರಿ. ಏರು ರಕ್ತದೊತ್ತಡವಿರುವವರಿಗೆ ಮಾಲಾ-ಎನ್‌ನಂತಹ ಮಾತ್ರೆಗಳು ಒಗ್ಗುವುದಿಲ್ಲ. ವಂಕಿಯಂತಹ ಬೇರೆ ಸಾಧನಗಳಿವೆ. ಊತ ಕಂಡ ದಿನವೇ ಅಳೆಯಿಸಿದ ರಕ್ತದೊತ್ತಡವು ಒಂದು ಸಂಸಾರದ ತಾಯಿಯನ್ನೂ ಮಗುವನ್ನೂ ಉಳಿಸಬಲ್ಲದು.