ಶಾಲೆ ಅಲ್ಲೇ, ಕಚೇರಿ ಊರೂರು ಸುತ್ತಿತು

ಹರಪನಹಳ್ಳಿ ತಾಲ್ಲೂಕಿನ ಯಾವುದೋ ಒಂದು ಹಳ್ಳಿಯ ಪ್ರಾಥಮಿಕ ಶಾಲೆಗೆ 1995ರಲ್ಲಿ ನೇಮಕಗೊಂಡ ಒಬ್ಬ ಮೇಷ್ಟ್ರನ್ನು ಕಲ್ಪಿಸಿಕೊಳ್ಳಿ. ಅವರಿಗೆ ವರ್ಗಾವಣೆಯೇ ಆಗಲಿಲ್ಲ ಎಂದಿಟ್ಟುಕೊಳ್ಳೋಣ. ಅದೇ ಊರು, ಅದೇ ಶಾಲೆ, ಅದೇ ಕರಿಹಲಗೆ. ಆದರೆ ಅವರ ಮೇಲಧಿಕಾರಿ ಕುಳಿತುಕೊಳ್ಳುವ ಊರು ಮಾತ್ರ ಬದಲಾಗುತ್ತಲೇ ಹೋಯಿತು. ಸೇವೆಗೆ ಸೇರಿದಾಗ ಬಳ್ಳಾರಿ, 1997ರಿಂದ ದಾವಣಗೆರೆ, 2018ರಲ್ಲಿ ಮತ್ತೆ ಬಳ್ಳಾರಿ, 2021ರಲ್ಲಿ ವಿಜಯನಗರ ಜಿಲ್ಲೆಯಾದ ಮೇಲೆ ಹೊಸಪೇಟೆ. ಮೇಷ್ಟ್ರು ಕದಲಲಿಲ್ಲ, ಅವರ ಸೇವೆಯ ಕಾಗದಪತ್ರಗಳು ಮೂರು ಊರು ನೋಡಿದವು.

ಹೊಸ ಜಿಲ್ಲೆಯಾದಾಗ ಜಿಲ್ಲಾಧಿಕಾರಿ ಯಾರು, ಪೊಲೀಸ್ ವರಿಷ್ಠಾಧಿಕಾರಿ ಯಾರು ಎಂಬ ಸುದ್ದಿ ಮುಖಪುಟಕ್ಕೆ ಬರುತ್ತದೆ. ಶಾಲೆಗಳ ಉಪನಿರ್ದೇಶಕರ ಕಚೇರಿಗೆ ಬೋರ್ಡು ಬಿದ್ದದ್ದು ಒಳಪುಟದ ಮೂಲೆಯಲ್ಲಿ ಮುಗಿಯುತ್ತದೆ. ಆದರೆ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಗಳ ಸಾವಿರಾರು ಮನೆಗಳಿಗೆ ಹೆಚ್ಚು ತಾಗುವುದು ಈ ಎರಡನೆಯ ಸುದ್ದಿಯೇ. ಶಾಲೆಯ ಆಡಳಿತದ ಕುರ್ಚಿ ಎಲ್ಲಿದೆ, ಅದರ ಮೇಲೆ ಕುಳಿತವರಿಗೆ ಎಷ್ಟು ಅಧಿಕಾರವಿದೆ ಎಂಬುದಕ್ಕೆ ಈ ಸೀಮೆಯಲ್ಲಿ ಇನ್ನೂರು ವರ್ಷಗಳ ಕಥೆಯಿದೆ.

ಅಂಗೈಯಲ್ಲಿ ಸರಸ್ವತಿ

ಕಥೆ ಶುರುವಾಗುವುದು ಕುರ್ಚಿಯೇ ಇಲ್ಲದ ಕಾಲದಿಂದ. 1800ರಲ್ಲಿ ನಿಜಾಮನಿಂದ ಕಂಪನಿ ಸರ್ಕಾರದ ಕೈಗೆ ಬಂದ ಈ ಪ್ರದೇಶಕ್ಕೆ ಮೊದಲ ಪ್ರಧಾನ ಕಲೆಕ್ಟರ್ ಆಗಿದ್ದವನು ಥಾಮಸ್ ಮನ್ರೋ. ಮುಂದೆ ಅವನೇ ಮದರಾಸಿನ ಗವರ್ನರನಾದ. ತನ್ನ ಪ್ರಾಂತ್ಯದಲ್ಲಿ ಎಷ್ಟು ಶಾಲೆಗಳಿವೆ, ಅಲ್ಲಿ ಯಾರು ಓದುತ್ತಾರೆ ಎಂದು ಲೆಕ್ಕ ಕೊಡುವಂತೆ 1822ರಲ್ಲಿ ಎಲ್ಲ ಕಲೆಕ್ಟರುಗಳಿಗೂ ಆಜ್ಞೆ ಮಾಡಿದ. ಬಳ್ಳಾರಿಯ ಕಲೆಕ್ಟರ್ ಎ.ಡಿ. ಕ್ಯಾಂಪ್‌ಬೆಲ್ 1823ರ ಆಗಸ್ಟಿನಲ್ಲಿ ಕಳುಹಿಸಿದ ಉತ್ತರ ಆ ಇಡೀ ಸಮೀಕ್ಷೆಯಲ್ಲೇ ಹೆಚ್ಚು ವಿವರಗಳುಳ್ಳದ್ದು.

ಜಿಲ್ಲೆಯ ಜನಸಂಖ್ಯೆ ಒಂಬತ್ತು ಲಕ್ಷಕ್ಕೂ ಮೇಲೆ, ಶಾಲೆಗಳು 533, ಓದುವವರು 6,641. ಅಂದರೆ ಶಾಲೆಗೆ ಸರಾಸರಿ ಹನ್ನೆರಡು ಮಕ್ಕಳು. ಕನ್ನಡ ಶಾಲೆಗಳು 235, ತೆಲುಗು 226, ಮರಾಠಿ 23, ಪಾರಸಿ 21. ಇಂಗ್ಲಿಷ್ ಒಂದೇ ಒಂದು. ಇಂದಿನ ಅನಂತಪುರವೂ ಆಗ ಬಳ್ಳಾರಿ ಜಿಲ್ಲೆಯಲ್ಲೇ ಇದ್ದುದರಿಂದ ತೆಲುಗಿನ ಸಂಖ್ಯೆ ಅಷ್ಟಿತ್ತು. ಹಿಂದೂ ವಿದ್ಯಾರ್ಥಿಗಳಲ್ಲಿ ಹೆಣ್ಣುಮಕ್ಕಳು ಕೇವಲ 60.

ಮಕ್ಕಳು ಮರಳಿನ ಮೇಲೆ ಬೆರಳಿನಿಂದ ಅಕ್ಷರ ತಿದ್ದುತ್ತಿದ್ದರು. ಬೆಳಿಗ್ಗೆ ಎಲ್ಲರಿಗಿಂತ ಮೊದಲು ಬಂದ ಹುಡುಗನ ಅಂಗೈಯಲ್ಲಿ ಐಗಳು ಗೌರವಕ್ಕಾಗಿ ಸರಸ್ವತಿಯ ಹೆಸರು ಬರೆಯುತ್ತಿದ್ದರು. ಎರಡನೆಯವನ ಅಂಗೈಯಲ್ಲಿ ಸೊನ್ನೆ. ಹೊಗಳಿಕೆಯೂ ಇಲ್ಲ, ತೆಗಳಿಕೆಯೂ ಇಲ್ಲ. ಮೂರನೆಯವನಿಗೆ ಮೆಲ್ಲಗೆ ಒಂದು ಏಟು, ನಾಲ್ಕನೆಯವನಿಗೆ ಎರಡು. ಹೀಗೆ ತಡವಾದಷ್ಟೂ ಏಟು ಹೆಚ್ಚು. ದೊಡ್ಡ ಹುಡುಗರು ಚಿಕ್ಕವರಿಗೆ ಕಲಿಸುವ ಕ್ರಮವನ್ನು ಕ್ಯಾಂಪ್‌ಬೆಲ್ ಮನಸಾರೆ ಮೆಚ್ಚಿದ್ದಾನೆ. ಇಂಗ್ಲೆಂಡ್ ಅದನ್ನು ಅನುಕರಿಸಿದ್ದು ಸರಿಯಾಗಿಯೇ ಇದೆ ಎಂಬುದು ಅವನ ಅಭಿಪ್ರಾಯ. ಲಿಂಗಾಯತ ಮಕ್ಕಳು ಓದುತ್ತಿದ್ದ ಪುಸ್ತಕಗಳ ಪೈಕಿ ಗಿರಿಜಾಕಲ್ಯಾಣ, ಚನ್ನಬಸವ ಪುರಾಣಗಳ ಹೆಸರನ್ನೂ ಅವನು ಕೊಡುತ್ತಾನೆ.

ಆದರೆ ಅದೇ ವರದಿಯಲ್ಲಿ ಒಂದು ಕಹಿ ಮಾತೂ ಇದೆ. ಹಿಂದೆ ಶಾಲೆಗಳಿದ್ದ ಎಷ್ಟೋ ಹಳ್ಳಿಗಳಲ್ಲಿ ಈಗ ಶಾಲೆಯಿಲ್ಲ; ಐರೋಪ್ಯ ಬಟ್ಟೆ ಬಂದು ನೇಕಾರರ ಬದುಕು ಕೆಟ್ಟಿದೆ; ಬಡತನದಿಂದ ಮಕ್ಕಳನ್ನು ಓದಿಸುವ ಶಕ್ತಿ ಜನರಿಗೆ ಉಳಿದಿಲ್ಲ ಎಂದು ಕಲೆಕ್ಟರನೇ ಬರೆದಿದ್ದಾನೆ. ಆ 533 ಶಾಲೆಗಳ ಮೇಲೆ ಯಾವ ಸಾಹೇಬನೂ ಇರಲಿಲ್ಲ ನಿಜ. ಆದರೆ ಊರಿಗೆ ಬರ ಬಂದರೆ ಶಾಲೆಯನ್ನು ಹಿಡಿದು ನಿಲ್ಲಿಸುವ ಕೈಯೂ ಇರಲಿಲ್ಲ.

ಮದರಾಸಿನ ನಿರ್ದೇಶಕರು, ಕುದುರೆಯ ಇನ್‌ಸ್ಪೆಕ್ಟರು

ಈ ಲೆಕ್ಕ ನೋಡಿದ ಮನ್ರೋ 1826ರಲ್ಲಿ ಒಂದು ಯೋಜನೆ ಮಾಡಿದ: ಇಡೀ ಪ್ರಾಂತ್ಯಕ್ಕೆ 40 ಕಲೆಕ್ಟರೇಟ್ ಶಾಲೆಗಳು, 300 ತಹಸೀಲ್ದಾರಿ ಶಾಲೆಗಳು, ಮೇಷ್ಟ್ರುಗಳಿಗೆ ಸರ್ಕಾರದ ಸಂಬಳ. ಮರುವರ್ಷವೇ ಅವನು ಪತ್ತಿಕೊಂಡದಲ್ಲಿ ಕಾಲರಾದಿಂದ ತೀರಿಕೊಂಡ. ಯೋಜನೆಯೂ ಬಹುಕಾಲ ಬಾಳಲಿಲ್ಲ. 1836ರಲ್ಲಿ ಆ ಶಾಲೆಗಳನ್ನು ಮುಚ್ಚಲಾಯಿತು.

ಶಾಲೆಗಳಿಗೇ ಮೀಸಲಾದ ಇಲಾಖೆ ಬಂದದ್ದು 1854ರ ವುಡ್ ವರದಿಯ ನಂತರ. 1855ರಲ್ಲಿ ಎ.ಜೆ. ಅರ್ಬುತ್‌ನಾಟ್ ಮದರಾಸಿನ ಮೊದಲ ಸಾರ್ವಜನಿಕ ಶಿಕ್ಷಣ ನಿರ್ದೇಶಕನಾದ. ನಿರ್ದೇಶಕನ ಕೆಳಗೆ ಇನ್‌ಸ್ಪೆಕ್ಟರುಗಳು, ಅವರ ಕೆಳಗೆ ಡೆಪ್ಯುಟಿಗಳು ಎಂಬ ಏಣಿ ಆಗ ಕಟ್ಟಿದ್ದು. ಹೆಸರುಗಳು ಬದಲಾದರೂ ಏಣಿಯ ಆಕಾರ ಇಂದಿಗೂ ಅದೇ.

ಆ ಕಾಲದ ಇನ್‌ಸ್ಪೆಕ್ಟರ್ ಎಂದರೆ ಮೇಷ್ಟ್ರಿಗೆ ಅನ್ನದ ಪ್ರಶ್ನೆ. ಮದರಾಸು ಪ್ರಾಂತ್ಯದಲ್ಲಿ 'ಫಲಿತಾಂಶದ ಮೇಲೆ ಅನುದಾನ' ಎಂಬ ಪದ್ಧತಿ ಬಹುಕಾಲ ನಡೆಯಿತು. ಇನ್‌ಸ್ಪೆಕ್ಟರ್ ಬಂದು ಮಕ್ಕಳನ್ನು ಓದಿಸಿ, ಬರೆಸಿ, ಲೆಕ್ಕ ಕೇಳಿ, ತೇರ್ಗಡೆಯಾದ ಮಕ್ಕಳ ಲೆಕ್ಕದಲ್ಲಿ ಅನುದಾನ ಬರೆಯುತ್ತಿದ್ದರು. ಕುದುರೆ ಬಂತೆಂದರೆ ಶಾಲೆಯೆಲ್ಲ ನಡುಗುತ್ತಿತ್ತು. ಈ ಪದ್ಧತಿಯ ದೋಷ ಸ್ಪಷ್ಟ: ಮೇಷ್ಟ್ರು ಪರೀಕ್ಷೆಗೆ ಮಾತ್ರ ಕಲಿಸಿದರು, ಹಿಂದುಳಿದ ಮಗುವನ್ನು ಕೈಬಿಟ್ಟರು. ಆದರೆ ಒಂದು ಗುಣವನ್ನೂ ಒಪ್ಪಬೇಕು. ಅಧಿಕಾರಿ ಶಾಲೆಗೆ ಬರದೆ ಯಾವ ಕಾಗದವೂ ಮುಂದೆ ಹೋಗುತ್ತಿರಲಿಲ್ಲ.

ಅಕ್ಟೋಬರ್ 1, 1953

ಆಂಧ್ರ ರಾಜ್ಯ ಹುಟ್ಟಿದ ದಿನವೇ ಬಳ್ಳಾರಿ ಒಡೆಯಿತು. ಆದೋನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಆಂಧ್ರಕ್ಕೆ ಹೋದವು. ಹಡಗಲಿ, ಹರಪನಹಳ್ಳಿ, ಕೂಡ್ಲಿಗಿ, ಹೊಸಪೇಟೆ, ಸಂಡೂರು, ಸಿರುಗುಪ್ಪಗಳು ಮೈಸೂರಿಗೆ ಬಂದವು; ವಿವಾದಕ್ಕೆ ಸಿಕ್ಕಿದ್ದ ಬಳ್ಳಾರಿ ತಾಲ್ಲೂಕೂ ನ್ಯಾಯಮೂರ್ತಿ ಮಿಶ್ರಾ ವರದಿಯ ನಂತರ ಇತ್ತಲೇ ಸೇರಿತು. ಒಂದೇ ದಿನದಲ್ಲಿ ಈ ತಾಲ್ಲೂಕುಗಳ ಮೇಷ್ಟ್ರುಗಳಿಗೆ ಮದರಾಸು ಹೋಗಿ ಬೆಂಗಳೂರು ಬಂತು.

ಕಾಕತಾಳೀಯವೆಂಬಂತೆ ಅದೇ ದಿನ ಕೊಟ್ಟೂರಿನಲ್ಲಿ ಒಂದು ಮಗು ಹುಟ್ಟಿತು. ಮುಂದೆ ಕುಂ. ವೀರಭದ್ರಪ್ಪ ಎಂದು ಹೆಸರಾದ ಆ ಲೇಖಕರು ಮೇಷ್ಟ್ರಾಗಿ ದುಡಿದದ್ದು ಗೆರೆಯ ಆಚೆ, ಆಂಧ್ರಪ್ರದೇಶದ ಶಾಲೆಗಳಲ್ಲಿ. ನಕಾಶೆಯಲ್ಲಿ ಗೆರೆ ಎಳೆದರೂ ಭಾಷೆ ಆ ಗೆರೆಯಲ್ಲಿ ನಿಲ್ಲಲಿಲ್ಲ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕಿಲ್ಲ.

1956ರಲ್ಲಿ ಏಕೀಕರಣವಾದಾಗ ಹೊಸ ರಾಜ್ಯದ ಶಿಕ್ಷಣ ಇಲಾಖೆಗೆ ಬಂದ ತಲೆನೋವು ಸಣ್ಣದಲ್ಲ. ಹಳೆ ಮೈಸೂರು, ಮುಂಬಯಿ, ಹೈದರಾಬಾದು, ಮದರಾಸು, ಕೊಡಗು ಹೀಗೆ ಐದು ಆಡಳಿತಗಳ ಶಾಲೆಗಳು ಒಂದೇ ಸೂರಿನಡಿ ಬಂದವು. ಎಷ್ಟನೆಯ ತರಗತಿಗೆ ಪ್ರಾಥಮಿಕ ಮುಗಿಯಬೇಕು, ಶಾಲೆ ಯಾರ ಅಧೀನ, ಮೇಷ್ಟ್ರ ಸಂಬಳ ಎಷ್ಟು ಎಂಬುದು ಒಂದೊಂದು ಕಡೆ ಒಂದೊಂದು ರೀತಿ. 1961ರ ಕಡ್ಡಾಯ ಪ್ರಾಥಮಿಕ ಶಿಕ್ಷಣ ಕಾಯ್ದೆ ಈ ಗೋಜಲನ್ನು ಬಿಡಿಸುವ ದೊಡ್ಡ ಹೆಜ್ಜೆಯಾಯಿತು.

ಇಬ್ಬರು ಯಜಮಾನರು

ಇಂದಿನ ಏಣಿಯನ್ನು ಕೆಳಗಿನಿಂದ ಹತ್ತಿ ನೋಡಬಹುದು. ಕೆಲವು ಶಾಲೆಗಳು ಸೇರಿ ಒಂದು ಕ್ಲಸ್ಟರ್, ಅದಕ್ಕೊಬ್ಬ ಸಿ.ಆರ್.ಪಿ. ಕ್ಲಸ್ಟರುಗಳು ಸೇರಿ ಒಂದು ಬ್ಲಾಕು. ಅದರ ಮುಖ್ಯಸ್ಥರು ಕ್ಷೇತ್ರ ಶಿಕ್ಷಣಾಧಿಕಾರಿ, ಅಂದರೆ ಬಿ.ಇ.ಓ. ಬ್ಲಾಕುಗಳ ಮೇಲೆ ಜಿಲ್ಲೆಯ ಉಪನಿರ್ದೇಶಕರು. ಆಡಳಿತಕ್ಕೊಬ್ಬ ಉಪನಿರ್ದೇಶಕರು; ಶಿಕ್ಷಕರ ತರಬೇತಿಯ 'ಡಯಟ್' ಸಂಸ್ಥೆಯ ಪ್ರಾಂಶುಪಾಲರು 'ಅಭಿವೃದ್ಧಿ' ಉಪನಿರ್ದೇಶಕರು. ಅದರ ಮೇಲೆ ಕಲಬುರಗಿಯ ಅಪರ ಆಯುಕ್ತರು, ಕೊನೆಗೆ ಬೆಂಗಳೂರಿನ ಆಯುಕ್ತರು. ಕ್ಲಸ್ಟರಿನ ಮೆಟ್ಟಿಲು ಬಳ್ಳಾರಿ ಜಿಲ್ಲೆಗೆ ಬಂದದ್ದು 1990ರ ದಶಕದ ಕೊನೆಗೆ, ಡಿ.ಪಿ.ಇ.ಪಿ. ಯೋಜನೆಯೊಂದಿಗೆ.

ಇದು ಇಲಾಖೆಯ ಏಣಿ. ಇದರ ಪಕ್ಕದಲ್ಲೇ ಇನ್ನೊಂದು ಏಣಿಯಿದೆ. 1987ರಲ್ಲಿ ಜಿಲ್ಲಾ ಪರಿಷತ್ತುಗಳು ಬಂದಾಗ ಶಾಲೆಗಳು ಚುನಾಯಿತ ಸಂಸ್ಥೆಯ ಕೈಕೆಳಗೆ ಬಂದವು. 1993ರ ಕಾಯ್ದೆಯ ನಂತರ ಅದು ಜಿಲ್ಲಾ ಪಂಚಾಯಿತಿಯಾಯಿತು. ಹೀಗಾಗಿ ಉಪನಿರ್ದೇಶಕರಿಗೆ ಇಬ್ಬರು ಯಜಮಾನರು. ಪಾಠ, ಪರೀಕ್ಷೆ, ನೇಮಕಾತಿಗೆ ಆಯುಕ್ತರ ಸುತ್ತೋಲೆ. ಹಣ, ಕಟ್ಟಡ, ಸಭೆಗೆ ಜಿಲ್ಲಾ ಪಂಚಾಯಿತಿಯ ಮುಖ್ಯ ಕಾರ್ಯನಿರ್ವಾಹಕ ಅಧಿಕಾರಿಯ ಬುಲಾವು. ಸಭೆ ಎರಡು ಕಡೆ ಇದ್ದ ದಿನ ಶಾಲೆಗೆ ಹೋಗುವ ಜೀಪು ಎತ್ತ ತಿರುಗುತ್ತದೆ ಎಂದು ಹೇಳಬೇಕಾಗಿಲ್ಲ.

ಅಮೆರಿಕದ ಪದ್ಧತಿಯನ್ನು ಇದರ ಪಕ್ಕಕ್ಕಿಟ್ಟು ನೋಡಬಹುದು. ಅಲ್ಲಿ 1837ರಲ್ಲಿ ಬಫೆಲೊ ನಗರ ಶಾಲೆಗಳಿಗೆ ಒಬ್ಬ ಸೂಪರಿಂಟೆಂಡೆಂಟನನ್ನು ನೇಮಿಸಿತು. ಆ ಹುದ್ದೆ ಕ್ರಮೇಣ ದೇಶಕ್ಕೆಲ್ಲ ಹರಡಿತು. ಸಾಮಾನ್ಯವಾಗಿ ಊರಿನ ಶಾಲಾ ಮಂಡಳಿಯೇ ಅವರನ್ನು ಕರಾರಿನ ಮೇಲೆ ಕರೆತರುತ್ತದೆ. ಹೊಸಬರು ಬಂದೊಡನೆ ಕೇಂದ್ರ ಕಚೇರಿಯ ಹುದ್ದೆಗಳನ್ನೇ ಕೂಡಿಸಿ, ಕಳೆದು, ತಮ್ಮ ತಂಡ ಕಟ್ಟಿಕೊಳ್ಳುವುದು ಅಲ್ಲಿ ಸಾಮಾನ್ಯ. ನಮ್ಮ ಉಪನಿರ್ದೇಶಕರಿಗೆ ಆ ಸ್ವಾತಂತ್ರ್ಯವಿಲ್ಲ. ಅವರು ವರ್ಗಾವಣೆಯ ಮೇಲೆ ಬರುತ್ತಾರೆ, ವರ್ಗಾವಣೆಯ ಮೇಲೆ ಹೋಗುತ್ತಾರೆ. ಒಂದು ಗುಮಾಸ್ತರ ಹುದ್ದೆ ಹೆಚ್ಚಾಗಬೇಕಾದರೂ ಬೆಂಗಳೂರಿನ ಮಂಜೂರಾತಿ ಬೇಕು. ಆದ್ದರಿಂದ ನಮ್ಮಲ್ಲಿ ಕಚೇರಿಯ ಪುನರ್ರಚನೆ ಅಧಿಕಾರಿಯ ಇಚ್ಛೆಯಿಂದ ಆಗುವುದಿಲ್ಲ. ನಕಾಶೆ ಬದಲಾದಾಗ ಆಗುತ್ತದೆ.

ಗೆರೆಯ ಬೆಲೆ

ನಕಾಶೆ ಬದಲಾದರೆ ಏನಾಗುತ್ತದೆ ಎಂಬುದನ್ನು ಹರಪನಹಳ್ಳಿಗಿಂತ ಚೆನ್ನಾಗಿ ಬಲ್ಲ ತಾಲ್ಲೂಕು ಕಡಿಮೆ. 1997ರಲ್ಲಿ ಅದು ದಾವಣಗೆರೆಗೆ ಸೇರಿದಾಗ ಸಂತೋಷಪಟ್ಟವರಿಗೆ ಕಾರಣವಿತ್ತು. ಬಳ್ಳಾರಿ ನೂರು ಕಿಲೋಮೀಟರಿಗೂ ಹೆಚ್ಚು ದೂರ. ದಾವಣಗೆರೆ ಅದರ ಅರ್ಧದಷ್ಟು. ಬೆಳಿಗ್ಗೆ ಬಸ್ಸು ಹತ್ತಿದ ಮೇಷ್ಟ್ರು ಕೆಲಸ ಮುಗಿಸಿ ಸಂಜೆಗೆ ಮನೆ ಸೇರಬಹುದಿತ್ತು.

ಆದರೆ ಜಿಲ್ಲೆಯ ಜೊತೆಗೆ ವಿಭಾಗವೂ ಬದಲಾಗಿತ್ತು. ಗುಲ್ಬರ್ಗ ವಿಭಾಗದ ತಾಲ್ಲೂಕು ಬೆಂಗಳೂರು ವಿಭಾಗದ್ದಾಯಿತು. ಪ್ರಾಥಮಿಕ ಶಾಲೆಯ ಶಿಕ್ಷಕರ ಜ್ಯೇಷ್ಠತಾ ಪಟ್ಟಿ ಜಿಲ್ಲೆಯದು, ಪ್ರೌಢಶಾಲೆಯವರದು ವಿಭಾಗದ್ದು. ಗೆರೆ ಸರಿದರೆ ಮುಂಬಡ್ತಿಯ ಸಾಲಿನಲ್ಲಿ ಹಿಂದೆ ಮುಂದೆ ಇರುವವರೂ ಬದಲಾಗುತ್ತಾರೆ.

ಮಕ್ಕಳಿಗೆ ಅದರ ಬಿಸಿ ತಟ್ಟಿದ್ದು 2002ರಲ್ಲಿ. ಆ ವರ್ಷದ ಜೂನ್‌ನಲ್ಲಿ ಬಿಸಿಯೂಟದ ಅಕ್ಷರ ದಾಸೋಹ ಯೋಜನೆಯನ್ನು ಸರ್ಕಾರ ಮೊದಲು ಏಳು ಜಿಲ್ಲೆಗಳಲ್ಲಿ ಆರಂಭಿಸಿತು: ಬೀದರ್, ಗುಲ್ಬರ್ಗ, ರಾಯಚೂರು, ಕೊಪ್ಪಳ, ಬಳ್ಳಾರಿ, ಬಿಜಾಪುರ, ಬಾಗಲಕೋಟೆ. ಕೂಡ್ಲಿಗಿ, ಹಡಗಲಿ, ಹಗರಿಬೊಮ್ಮನಹಳ್ಳಿಯ ಮಕ್ಕಳು ಶಾಲೆಯಲ್ಲಿ ಅನ್ನ ಸಾರು ಉಂಡರು. ದಾವಣಗೆರೆ ಆ ಪಟ್ಟಿಯಲ್ಲಿರಲಿಲ್ಲ. ಅದೇ ಕೆಂಪು ಮಣ್ಣು, ಅದೇ ಬರ, ಅದೇ ಬಡತನದ ಹರಪನಹಳ್ಳಿಯ ಮಕ್ಕಳು 2003ರವರೆಗೆ ಕಾಯಬೇಕಾಯಿತು.

ಮುಂದಿನ ಪೆಟ್ಟು ಇನ್ನೂ ದೊಡ್ಡದು. ಸಂವಿಧಾನದ 371ಜೆ ವಿಧಿ 2013ರಲ್ಲಿ ಜಾರಿಗೆ ಬಂದಾಗ ಹೈದರಾಬಾದ್ ಕರ್ನಾಟಕದ ಜಿಲ್ಲೆಗಳಿಗೆ ಶಿಕ್ಷಣದಲ್ಲೂ ಉದ್ಯೋಗದಲ್ಲೂ ಮೀಸಲು ಸಿಕ್ಕಿತು. ಬಳ್ಳಾರಿ ಜಿಲ್ಲೆಯೂ ಅದರೊಳಗೆ ಸೇರಿತು. ದಾವಣಗೆರೆ ಜಿಲ್ಲೆಯಲ್ಲಿದ್ದ ಹರಪನಹಳ್ಳಿ ಹೊರಗುಳಿಯಿತು. ಗಡಿಯ ಈಚೆಯ ಹಡಗಲಿಯ ಹುಡುಗನಿಗೆ ವೈದ್ಯಕೀಯ ಸೀಟಿಗೆ ಇರುವ ಅವಕಾಶ ಆಚೆಯ ಹುಡುಗನಿಗಿಲ್ಲ. ಬಳ್ಳಾರಿಗೆ ಮರಳಿ ಸೇರಿಸಿ ಎಂಬ ಹೋರಾಟಕ್ಕೆ ಬಲ ಬಂದದ್ದು ಇಲ್ಲಿಂದ. 2018ರಲ್ಲಿ ತಾಲ್ಲೂಕು ಬಳ್ಳಾರಿಗೆ ಮರಳಿತು. 371ಜೆಯ ವ್ಯಾಪ್ತಿಗೂ ಬಂತು. ಹತ್ತಿರದ ಕಚೇರಿಯನ್ನು ಬಿಟ್ಟು ದೂರದ ಕಚೇರಿಯನ್ನು ಜನ ತಾವಾಗಿ ಕೇಳಿ ಪಡೆದರು. ಬಸ್ಸಿನ ದಾರಿಗಿಂತ ಮಕ್ಕಳ ದಾರಿ ದೊಡ್ಡದೆನಿಸಿತು.

ಮೂರು ವರ್ಷದಲ್ಲಿ ಮತ್ತೊಂದು ಗೆರೆ. 2021ರ ಫೆಬ್ರವರಿಯಲ್ಲಿ ವಿಜಯನಗರ ಜಿಲ್ಲೆಯ ಅಧಿಸೂಚನೆ ಹೊರಟಿತು. ಅಕ್ಟೋಬರ್ 2ರಂದು ಉದ್ಘಾಟನೆಯಾಯಿತು. ಪಶ್ಚಿಮದ ಈ ಐದೂ ತಾಲ್ಲೂಕುಗಳು ಹೊಸಪೇಟೆಯೊಂದಿಗೆ ಒಂದೇ ಜಿಲ್ಲೆಯಾದವು. ಹರಪನಹಳ್ಳಿಗೆ ಹೊಸಪೇಟೆ ಬಳ್ಳಾರಿಗಿಂತ ಹತ್ತಿರ, ದಾವಣಗೆರೆಗಿಂತ ದೂರ.

ಹೊಸ ಬೋರ್ಡಿನ ಮುಂದಿನ ಪ್ರಶ್ನೆ

ಇಲ್ಲಿ ಇನ್ನೊಂದು ಮಾತನ್ನು ನೆನಪಿಡಬೇಕು. ಕಂದಾಯ ಇಲಾಖೆಯ ನಕಾಶೆ ಬೇರೆ, ಶಿಕ್ಷಣ ಇಲಾಖೆಯ ನಕಾಶೆ ಬೇರೆ. ಚಿಕ್ಕೋಡಿ, ಶಿರಸಿ, ಮಧುಗಿರಿಗಳು ಕಂದಾಯ ಜಿಲ್ಲೆಗಳಾಗದೆಯೇ ಶೈಕ್ಷಣಿಕ ಜಿಲ್ಲೆಗಳಾಗಿವೆ. ರಾಜ್ಯದ ಶೈಕ್ಷಣಿಕ ಬ್ಲಾಕುಗಳು 204. ತಾಲ್ಲೂಕುಗಳು ಅದಕ್ಕಿಂತ ಹೆಚ್ಚು. ಆದ್ದರಿಂದ ಕೊಟ್ಟೂರಿನಂಥ ಊರು ತಾಲ್ಲೂಕು ಕೇಂದ್ರವಾದ ಮಾತ್ರಕ್ಕೆ ಅಲ್ಲಿಗೆ ಬಿ.ಇ.ಓ. ಕಚೇರಿ ತಾನಾಗಿ ಬರುವುದಿಲ್ಲ. ತಹಸೀಲ್ದಾರರ ಕುರ್ಚಿಗೆ ಒಂದು ಆದೇಶ, ಶಿಕ್ಷಣಾಧಿಕಾರಿಯ ಕುರ್ಚಿಗೆ ಇನ್ನೊಂದು.

ಕಚೇರಿ ಹತ್ತಿರ ಬಂದರೆ ನಿವೃತ್ತಿ ವೇತನದ ಕಾಗದಕ್ಕೆ ಓಡಾಟ ತಪ್ಪುತ್ತದೆ. ಖಾಲಿ ಹುದ್ದೆಯ ದೂರು ಬೇಗ ಮುಟ್ಟುತ್ತದೆ. ಇವು ಸಣ್ಣ ಲಾಭಗಳಲ್ಲ. ಆದರೆ ಶಾಲೆಯಿಂದ ಕಚೇರಿಗೆ ಎಷ್ಟು ದೂರ ಎಂಬುದು ಅರ್ಧ ಲೆಕ್ಕ ಮಾತ್ರ. ಕಚೇರಿಯಿಂದ ಶಾಲೆಗೆ ಎಷ್ಟು ದೂರ ಎಂಬುದು ಉಳಿದರ್ಧ. ಕುದುರೆಯ ಮೇಲೆ ಬಂದ ಇನ್‌ಸ್ಪೆಕ್ಟರ್ ಮಕ್ಕಳನ್ನು ಹೆದರಿಸಿದರೂ ಪ್ರತಿ ಮಗುವನ್ನು ನಿಲ್ಲಿಸಿ ಓದಿಸಿ ಕೇಳಿದ್ದರು. ಇಂದು ಮಾಹಿತಿ ಕಂಪ್ಯೂಟರಿನಲ್ಲಿ ಬರುತ್ತದೆ, ಹಾಜರಾತಿ ಮೊಬೈಲಿನಲ್ಲಿ ಹೋಗುತ್ತದೆ. ಶಾಲೆಯ ಬಾಗಿಲಿಗೆ ಬಾರದೆಯೂ ಶಾಲೆಯನ್ನು ಆಳಬಹುದು.

ಹಡಗಲಿಯ ಮೈಲಾರದ ಸುತ್ತಿನ ಹಳ್ಳಿಯಲ್ಲೋ, ಕೂಡ್ಲಿಗಿಯ ಗುಡ್ಡದ ಬದಿಯ ತಾಂಡಾದಲ್ಲೋ ಒಂದು ಶಾಲೆಗೆ ವರ್ಷಕ್ಕೆ ಎಷ್ಟು ಸಲ ಅಧಿಕಾರಿಯ ಜೀಪು ಬಂತು, ಬಂದವರು ಎಷ್ಟು ಮಕ್ಕಳ ಓದು ಕೇಳಿದರು ಎಂಬುದನ್ನು ಅಲ್ಲಿಯ ಸಂದರ್ಶಕರ ಪುಸ್ತಕ ಹೇಳುತ್ತದೆ. ಹೊಸಪೇಟೆಯ ಹೊಸ ಕಚೇರಿಯಿಂದ ಏನು ಬದಲಾಯಿತು ಎಂದು ತಿಳಿಯಬೇಕಾದವರು ಮೊದಲು ತೆರೆಯಬೇಕಾದದ್ದು ಆ ಪುಸ್ತಕವನ್ನು.