ಕೆರೆಯ ದಡದಲ್ಲೊಂದು ಪಾಠ

ಪ್ರಾತಃಕಾಲದ ನಡಿಗೆಯು ಹಿತವೆಂದು ವೈದ್ಯರು ಹೇಳಿದುದರಿಂದ, ಉಪಾಧ್ಯಾಯ ವೃತ್ತಿಯಿಂದ ನಿವೃತ್ತನಾದಂದಿನಿಂದ ನಾನು ಮೈಸೂರಿನ ಕುಕ್ಕರಹಳ್ಳಿ ಕೆರೆಯ ಏರಿಯ ಮೇಲೆ ನಡೆಯುತ್ತಿರುವೆನು. ಮುಮ್ಮಡಿ ಕೃಷ್ಣರಾಜ ಒಡೆಯರವರ ಕಾಲದಲ್ಲಿ, 1864ರಲ್ಲಿ, ಹೊಲಗದ್ದೆಗಳಿಗೆ ನೀರೊದಗಿಸಲು ಆದ ಕೆರೆಯಿದು. ಇದರ ಮಗ್ಗುಲಲ್ಲಿಯೇ ಮೈಸೂರು ವಿಶ್ವವಿದ್ಯಾನಿಲಯದ ಮಾನಸಗಂಗೋತ್ರಿಯಿರುವುದು. ಆ ಹೆಸರನ್ನಿತ್ತವರು ಕುವೆಂಪುರವರು. ಕೆರೆಯೂ ವಿಶ್ವವಿದ್ಯಾನಿಲಯಕ್ಕೆ ಸೇರಿದುದು.

ಪಂಚಮಹಾಯಜ್ಞಗಳಲ್ಲಿ ಭೂತಯಜ್ಞವೂ ಒಂದೆಂಬುದನ್ನು ಗೃಹಸ್ಥರೆಲ್ಲರೂ ಬಲ್ಲರು. ಪ್ರಾಣಿಪಕ್ಷಿಗಳಿಗೆ ಅನ್ನವಿಡುವುದೇ ಅದರ ತಾತ್ಪರ್ಯವೆಂದು ತಿಳಿದಿದ್ದ ನಾನು, ಮನೆಯಲ್ಲಿ ಮಿಕ್ಕ ಅನ್ನವನ್ನೂ ರೊಟ್ಟಿಯನ್ನೂ ತಂದು ನೀರಿಗೆ ಎಸೆಯುತ್ತಿದ್ದೆನು. ಒಂದು ದಿನ, ದಡದಲ್ಲಿ ಕಸವನ್ನಾಯುತ್ತಿದ್ದ ವಿದ್ಯಾರ್ಥಿನಿಯೊಬ್ಬಳು ಹತ್ತಿರ ಬಂದು, “ತಾತ, ದಯವಿಟ್ಟು ಇದನ್ನು ನೀರಿಗೆ ಹಾಕಬೇಡಿ” ಎಂದಳು.

“ಏಕಮ್ಮಾ? ಮೂಕಪ್ರಾಣಿಗಳಿಗೆ ಇಕ್ಕುವುದು ಪಾಪವೆ?” ಎಂದು ಸ್ವಲ್ಪ ಖಾರವಾಗಿಯೇ ಕೇಳಿದೆನು.

ಆಕೆ ಬೇಸರಿಸದೆ ತಿಳಿಸಿದಳು. ನೀರಿಗೆ ಬಿದ್ದ ಅನ್ನವು ಕೊಳೆಯುವುದು. ಕೊಳೆಯುವಾಗ ನೀರಿನಲ್ಲಿ ಕರಗಿರುವ ಆಮ್ಲಜನಕವನ್ನು ಹೀರಿಕೊಳ್ಳುವುದು. ಅದು ತೀರ ಕಡಮೆಯಾದರೆ ಮೀನುಗಳು ಸಾಯುವುವು. ದಡದಲ್ಲಿ ಚೆಲ್ಲಿದುದಕ್ಕೆ ನಾಯಿಗಳು ಸೇರಿ, ನೆಲದಲ್ಲಿ ಗೂಡುಕಟ್ಟುವ ಹಕ್ಕಿಗಳ ಮೊಟ್ಟೆಮರಿಗಳನ್ನೂ ತಿನ್ನುವುವು. ಪಂಚತಂತ್ರದ ಕಪಟಿ ಬಕನ ಕಥೆಯನ್ನು ಮೂವತ್ತು ವರ್ಷ ಪಾಠಹೇಳಿದ ನಾನು, ನಿಜವಾದ ಬಕವನ್ನು ಒಂದು ದಿನವಾದರೂ ನಿಂತು ನೋಡಿದವನಲ್ಲ. ಅಂದು ನನಗೆ ನಾಚಿಕೆಯಾಯಿತು.

ಅನಂತರ ಭಾನುವಾರಗಳಲ್ಲಿ ನಾನೂ ಆ ತರುಣರೊಡನೆ ಸೇರಿದೆನು. ಅವರಿಗೆ ವೇತನವಿಲ್ಲ, ಬಿರುದಿಲ್ಲ. ಗಾಳದವರು ಬಿಟ್ಟುಹೋದ ನೈಲಾನ್ ದಾರವನ್ನು ಪೊದೆಗಳಿಂದ ಬಿಡಿಸಿ ಚೀಲಕ್ಕೆ ತುಂಬುವುದು ಅವರ ಮುಖ್ಯವಾದ ಕೆಲಸ. ಅದೇಕೆಂದು ಒಂದು ನೀರುಕಾಗೆಯಿಂದ ತಿಳಿದೆನು. ದಾರವು ಅದರ ರೆಕ್ಕೆಯನ್ನೂ ಕಾಲನ್ನೂ ಒಂದಾಗಿ ಬಿಗಿದಿದ್ದಿತು. ನನ್ನ ಅಂಗವಸ್ತ್ರವನ್ನು ಅದರ ತಲೆಯ ಮೇಲೆ ಹೊದಿಸಿ ನಾನು ಹಿಡಿದುಕೊಂಡೆನು. ಅವರು ದಾರವನ್ನು ಕತ್ತರಿಸಿ, ಅರಣ್ಯ ಇಲಾಖೆಯವರಿಗೆ ಸುದ್ದಿ ಕಳುಹಿಸಿದರು. ಆದರೆ ಹಕ್ಕಿಯು ಉಳಿಯಲಿಲ್ಲ.

ಇನ್ನೊಂದು ಕೆಲಸ ಗಣತಿ. ಏಷ್ಯಾಖಂಡದ ನೀರುಹಕ್ಕಿಗಳ ಗಣತಿಯು 1987ರಿಂದ ಜನವರಿ ಮಾಸದಲ್ಲಿ ನಡೆಯುತ್ತಿದ್ದು, ಬಹುಮಟ್ಟಿಗೆ ಸ್ವಯಂಸೇವಕರೇ ಅದನ್ನು ನಡೆಸುವರು. ದೊಡ್ಡ ಹಿಂಡಾದರೆ, ಮೊದಲು ಹತ್ತು ಹಕ್ಕಿಗಳನ್ನೆಣಿಸಿ, ಅವು ಹಿಡಿಯುವ ಸ್ಥಳವನ್ನು ಕಣ್ಣಿನಲ್ಲಿಟ್ಟುಕೊಂಡು, ಅಂತಹ ಭಾಗಗಳೆಷ್ಟಿವೆಯೆಂದು ಅಳೆಯುವರು. ಒಂದು ವರ್ಷದ ಲೆಕ್ಕದಿಂದ ಹೆಚ್ಚೇನೂ ತಿಳಿಯದು. ಹತ್ತಾರು ವರ್ಷಗಳ ಲೆಕ್ಕವನ್ನು ಒಟ್ಟಿಗಿಟ್ಟು ನೋಡಿದಾಗಲೇ ಯಾವ ಹಕ್ಕಿಯು ಕ್ಷೀಣಿಸುತ್ತಿದೆಯೆಂದು ಗೊತ್ತಾಗುವುದು.

ಕೆರೆಯನ್ನು ಕಾಯುವುದರಿಂದ ದೂರದ ಹೊಳೆಗೂ ಉಪಕಾರವುಂಟು. ಶ್ರೀರಂಗಪಟ್ಟಣದ ಬಳಿ ಕಾವೇರಿಯ ನಡುಗಡ್ಡೆಗಳಾದ ರಂಗನತಿಟ್ಟು, ಪಕ್ಷಿಶಾಸ್ತ್ರಜ್ಞ ಸಲೀಂ ಅಲಿಯವರ ಸಲಹೆಯಂತೆ 1940ರಲ್ಲಿ ಪಕ್ಷಿಧಾಮವಾಯಿತು. 2022ರಲ್ಲಿ ರಾಮ್‌ಸಾರ್ ಪಟ್ಟಿಗೆ ಸೇರಿ, ಕರ್ಣಾಟಕದಿಂದ ಆ ಗೌರವವನ್ನು ಪಡೆದ ಮೊದಲ ಸ್ಥಳವೆನಿಸಿತು. ಅಲ್ಲಿ ಗೂಡುಕಟ್ಟುವ ಹೆಜ್ಜಾರ್ಲೆಗಳೂ ಬಣ್ಣದ ಕೊಕ್ಕರೆಗಳೂ ಮರಿಗಳಿಗೆ ಮೀನನ್ನರಸಿ ಸುತ್ತಲಿನ ಕೆರೆಗಳಿಗೆ ಹಾರುವುವು. 2018 ಮತ್ತು 2019ರ ಮಳೆಗಾಲದಲ್ಲಿ ಕೃಷ್ಣರಾಜಸಾಗರದಿಂದ ಹರಿದುಬಂದ ಪ್ರವಾಹವು ಆ ನಡುಗಡ್ಡೆಗಳ ಮೇಲೆಯೂ ನುಗ್ಗಿತು. ಹೊಳೆಯಲ್ಲಿ ಇಂತಹ ವಿಪತ್ತೊದಗಿದಾಗ ಹಕ್ಕಿಗಳಿಗೆ ಕೆರೆಯೇ ಆಸರೆ. ಕೆರೆಯೂ ಕೆಟ್ಟರೆ ಅವು ಎಲ್ಲಿಗೆ ಹೋಗಬೇಕು?

ವಾಚಕ ಮಹಾಶಯರೇ, ನಿಮ್ಮೂರಿನಲ್ಲಿಯೂ ಒಂದು ಕೆರೆಯಿರಬಹುದು. ಅಲ್ಲಿಗೆ ಹೋಗುವಾಗ ಅನ್ನದ ಗಂಟನ್ನು ಬಿಟ್ಟು, ಬರಿಯ ಚೀಲವೊಂದನ್ನು ಕೊಂಡೊಯ್ಯಿರಿ. ದಾರ, ಪ್ಲಾಸ್ಟಿಕ್ ಕಂಡರೆ ಆಯ್ದು ತನ್ನಿರಿ. ಭೂತಯಜ್ಞವೆಂದರೆ ಇಕ್ಕುವುದು ಮಾತ್ರವಲ್ಲ, ಕೆಡಿಸದಿರುವುದೂ ಹೌದೆಂದು ಈ ವಯಸ್ಸಿನಲ್ಲಿ ಕಲಿತೆನು. ನಮ್ಮ ಮನೆಯ ಮಿಕ್ಕ ಅನ್ನವು ಈಗ ಹಿತ್ತಿಲಿನ ಗೊಬ್ಬರದ ಗುಂಡಿಗೆ ಬೀಳುತ್ತಿದೆ. ಕೆರೆಗೆ ನನ್ನೊಡನೆ ಮೊಮ್ಮಗನೂ ಬರುತ್ತಾನೆ. ಹೆಜ್ಜಾರ್ಲೆಗಳನ್ನೆಣಿಸುವುದರಲ್ಲಿ ಅವನ ಲೆಕ್ಕವೇ ನನ್ನದಕ್ಕಿಂತ ಸರಿಯಾಗಿರುತ್ತದೆ.