ಕಟ್ಟುವುದಕ್ಕೆ ಮುನ್ನ ನೆಲದ ಪರೀಕ್ಷೆ

ಪ್ರಾಕ್ತನ ವಸ್ತುಗಳ ಅನ್ವೇಷಣೆಯೆಂದೊಡನೆ ಹಾಳೂರಿನ ದಿಬ್ಬ, ಮುರಿದ ಗುಡಿ, ಕೋಟೆಯ ಕೊತ್ತಲ ಮೊದಲಾದ ಪ್ರಸಿದ್ಧ ನೆಲೆಗಳು ನಮ್ಮ ನೆನಪಿಗೆ ಬರುತ್ತವೆ. ಆದರೆ ಹಿಂದಿನವರು ಬಾಳಿ ಅಳಿದ ಎಷ್ಟೋ ಸ್ಥಳಗಳು ಯಾವ ಗುರುತೂ ಇಲ್ಲದೆ ಉಳುವ ಹೊಲಗಳ ಅಡಿಯಲ್ಲಿ ಅಡಗಿವೆ. ಅಂತಹ ಹೊಲದ ಮೇಲೆ ಹೆದ್ದಾರಿಯೋ ಬಡಾವಣೆಯೋ ಬರತಕ್ಕದ್ದೆಂದು ಗೊತ್ತಾದಾಗ, ಕೆಳಗೆ ಏನಿದೆಯೆಂಬುದನ್ನು ಮುಂಚಿತವಾಗಿ ತಿಳಿಯಲು ಇಂಗ್ಲೆಂಡು ಮೊದಲಾದ ದೇಶಗಳಲ್ಲಿ ಒಂದು ಕ್ರಮವು ರೂಢಿಗೆ ಬಂದಿದೆ. ಇದನ್ನು ಪರೀಕ್ಷಾ ಕಂದಕಗಳ ಕ್ರಮವೆನ್ನಬಹುದು. ಇದರ ಸ್ವರೂಪವನ್ನೂ, ಇದರಿಂದ ದೊರೆಯುವ ಪ್ರಮಾಣದ ಬೆಲೆಯನ್ನೂ ವಿವರಿಸುವುದೇ ಈ ಲೇಖನದ ಉದ್ದೇಶ.

1989ರಲ್ಲಿ ಲಂಡನ್ನಿನಲ್ಲಿ ಕಚೇರಿಯ ಕಟ್ಟಡವೊಂದು ಏಳಬೇಕಾಗಿದ್ದ ನಿವೇಶನವನ್ನು ಅಗೆದಾಗ, 1587ರಲ್ಲಿ ಕಟ್ಟಲ್ಪಟ್ಟ ರೋಸ್ ನಾಟಕಶಾಲೆಯ ತಳಹದಿಯು ಬೆಳಕಿಗೆ ಬಂದಿತು. ಅದನ್ನು ಉಳಿಸಬೇಕೆಂದು ನಟರೂ ವಿದ್ವಾಂಸರೂ ಪ್ರಬಲವಾಗಿ ಒತ್ತಾಯಪಡಿಸಿದುದರಿಂದ ಕಟ್ಟಡದ ನಕ್ಷೆಯನ್ನೇ ಬದಲಿಸಬೇಕಾಯಿತು. ಕೆಲಸಕ್ಕೆ ಕೈಹಾಕಿದ ಮೇಲೆ ಎಡವುವುದಕ್ಕಿಂತ ಮೊದಲೇ ನೋಡಿಕೊಳ್ಳುವುದು ಎಲ್ಲರಿಗೂ ಲೇಸೆಂಬ ಅಭಿಪ್ರಾಯವು ಇದರಿಂದ ಬಲಗೊಂಡಿತು. 1990ರಲ್ಲಿ ಆ ಸರ್ಕಾರವು ಹೊರಡಿಸಿದ ಸೂಚನಾಪತ್ರದಂತೆ, ನಿರ್ಮಾಣಕ್ಕೆ ಅಪ್ಪಣೆ ಬೇಡುವವನೇ ನೆಲದ ಪರೀಕ್ಷೆಯ ವೆಚ್ಚವನ್ನು ಹೊರುವುದೂ, ಅದರ ಫಲವನ್ನು ನೋಡಿ ಅಧಿಕಾರಿಗಳು ತೀರ್ಮಾನಿಸುವುದೂ ಪದ್ಧತಿಯಾಯಿತು. ಆ ಪತ್ರದ ಸ್ಥಾನದಲ್ಲಿ ಬೇರೆ ನಿಯಮಗಳು ಬಂದಿದ್ದರೂ ತತ್ತ್ವವು ಹಾಗೆಯೇ ನಿಂತಿದೆ.

ಪರೀಕ್ಷೆಯು ಗುದ್ದಲಿಯಿಂದ ಆರಂಭವಾಗುವುದಿಲ್ಲ. ಮೊದಲು ಹಳೆಯ ಭೂಪಟಗಳನ್ನೂ ದಾಖಲೆಗಳನ್ನೂ ಓದುತ್ತಾರೆ. ವಿಮಾನದಿಂದ ತೆಗೆದ ಚಿತ್ರಗಳನ್ನು ನೋಡುತ್ತಾರೆ; ಮುಚ್ಚಿಹೋದ ಅಗಳಿನ ಮೇಲೆ ತೇವವು ಹೆಚ್ಚಾಗಿ ನಿಲ್ಲುವುದರಿಂದ ಪೈರು ಎತ್ತರವಾಗಿ ಬೆಳೆದು, ಆಕಾಶದಿಂದ ಗೆರೆಯಂತೆ ಕಾಣುವುದುಂಟು. ಮಣ್ಣಿನ ಕಾಂತಶಕ್ತಿಯನ್ನು ಅಳೆದು ಒಲೆ, ಆವಿಗೆ, ಅಗಳುಗಳ ಸುಳಿವನ್ನು ಹಿಡಿಯುವುದೂ ಉಂಟು. ಆದರೆ ಜೇಡಿಮಣ್ಣಿನ ನೆಲದಲ್ಲಿ ಈ ಲಕ್ಷಣಗಳು ಅನೇಕವೇಳೆ ಮರೆಯಾಗುತ್ತವೆ. ಆದಕಾರಣ ಕಡೆಗೆ ನೆಲವನ್ನು ತೆರೆದೇ ನೋಡಬೇಕಾಗುತ್ತದೆ.

ಕಂದಕವು ಸಾಮಾನ್ಯವಾಗಿ ಸುಮಾರು 2 ಮೀಟರು ಅಗಲವಾಗಿಯೂ 30ರಿಂದ 50 ಮೀಟರು ಉದ್ದವಾಗಿಯೂ ಇರುತ್ತದೆ. ಹಲ್ಲಿಲ್ಲದ ಅಗಲಬಾಯಿಯ ಯಂತ್ರದಿಂದ ಉಳುಮೆಯ ಮೇಲ್ಮಣ್ಣನ್ನು ಪದರಪದರವಾಗಿ ಹೆರೆದು, ಪ್ರಾಚೀನ ಅವಶೇಷವಾಗಲಿ, ಮನುಷ್ಯನ ಕೈ ಸೋಕದ ಕನ್ನೆನೆಲವಾಗಲಿ ಕಂಡೊಡನೆ ನಿಲ್ಲಿಸುತ್ತಾರೆ. ಹಿಂದೆ ತೋಡಿದ ಅಗಳು, ಕಂಬ ನೆಟ್ಟ ಕುಳಿ, ಕಸದ ಗುಂಡಿ ಇವು ಕನ್ನೆನೆಲದಲ್ಲಿ ಬೇರೆ ಬಣ್ಣದ ಕಲೆಗಳಾಗಿ ತೋರುತ್ತವೆ. ಅವುಗಳಲ್ಲಿ ಕೆಲವನ್ನು ಕೈಯಿಂದ ಅರ್ಧ ಮಾತ್ರ ಅಗೆದು, ಸೀಳುನೋಟವನ್ನು ಬರೆದುಕೊಂಡು, ಮಡಕೆಯ ಚೂರುಗಳಿಂದ ಕಾಲವನ್ನು ನಿರ್ಣಯಿಸುತ್ತಾರೆ. 50 ಮೀಟರು ಉದ್ದದ ಒಂದು ಕಂದಕವು ಒಂದು ಹೆಕ್ಟೇರಿನಲ್ಲಿ ನೂರಕ್ಕೆ ಒಂದು ಪಾಲು. ನಾಲ್ಕು ಕಂದಕಗಳಾದರೆ ನೂರಕ್ಕೆ ನಾಲ್ಕು ಪಾಲು. ಇಷ್ಟನ್ನೇ ನೋಡಿ ಉಳಿದ ತೊಂಬತ್ತಾರು ಪಾಲಿನ ವಿಷಯದಲ್ಲಿ ಊಹಿಸಬೇಕಾಗಿದೆ.

ಈ ಕ್ರಮದ ಸಾರ್ಥಕತೆಗೆ ಕೇಂಬ್ರಿಜ್ ಮತ್ತು ಹಂಟಿಂಗ್ಡನ್ ಪಟ್ಟಣಗಳ ನಡುವಣ ಎ-14 ಹೆದ್ದಾರಿಯು ಒಳ್ಳೆಯ ನಿದರ್ಶನ. ಸುಮಾರು 21 ಮೈಲಿಯ ಈ ದಾರಿಯನ್ನು ಹೊಸದಾಗಿ ರಚಿಸುವಾಗ, ಪೂರ್ವಪರೀಕ್ಷೆಗಳು ಸೂಚಿಸಿದ ಸ್ಥಳಗಳಲ್ಲಿ 2016ರಿಂದ 2018ರವರೆಗೆ ವಿಸ್ತಾರವಾದ ಉತ್ಖನನವು ನಡೆಯಿತು. ನವಶಿಲಾಯುಗದ ವರ್ತುಲಾಕಾರದ ಆವರಣಗಳು, ಕಬ್ಬಿಣದ ಯುಗದ ವಸತಿಗಳು, ರೋಮನರ ಕಾಲದ ಕುಂಬಾರರ ಆವಿಗೆಗಳು, ಎಂಟನೆಯ ಶತಮಾನದಿಂದ ಹನ್ನೆರಡನೆಯ ಶತಮಾನದವರೆಗೆ ಬಾಳಿ ಹಾಳಾದ ಒಂದು ಹಳ್ಳಿ—ಇಷ್ಟೂ ಹೊಲಗಳ ಅಡಿಯಿಂದ ಹೊರಬಂದುವು. ಕ್ರಿ. ಶ. 269ರಲ್ಲಿ ಕೆಲವೇ ತಿಂಗಳು ಆಳಿದ ಲೇಲಿಯಾನಸನೆಂಬ ಬಂಡಾಯದ ಚಕ್ರವರ್ತಿಯ ನಾಣ್ಯವೊಂದು ಸಣ್ಣ ಬೇಸಾಯಗಾರರ ನೆಲೆಯ ಅಗಳಿನಲ್ಲಿ ದೊರೆಯಿತು.

ಹಾಗೆಂದು ಕಂದಕವು ಎಲ್ಲವನ್ನೂ ಹೇಳುವುದೆಂದು ಭಾವಿಸಲಾಗದು. ಓಲೆಗರಿಯ ಗ್ರಂಥವೊಂದರಲ್ಲಿ ಇಪ್ಪತ್ತೈದು ಗರಿಗಳಿಗೆ ಒಂದರಂತೆ ಮಾತ್ರ ಓದಿದವನ ಸ್ಥಿತಿಯನ್ನು ವಾಚಕರು ಊಹಿಸಿಕೊಳ್ಳಲಿ. ಗ್ರಂಥವು ಯಾವ ಛಂದಸ್ಸಿನದು, ಯಾವ ಕಥೆಯದು ಎಂಬುದು ಅವನಿಗೆ ತಿಳಿಯಬಹುದು. ನಡುವೆ ಸೇರಿದ ಪ್ರಕ್ಷಿಪ್ತ ಪದ್ಯವೊಂದಾಗಲಿ, ಕೊನೆಯಲ್ಲಿ ಲಿಪಿಕಾರನು ಬರೆದ ಕಾಲಸೂಚನೆಯಾಗಲಿ ಕಣ್ತಪ್ಪುವುದೇ ಹೆಚ್ಚು. ಹಾಗೆಯೇ ಹೊಲವನ್ನು ಬಳಸಿಬಂದ ಉದ್ದನೆಯ ಅಗಳು ಯಾವುದಾದರೊಂದು ಕಂದಕಕ್ಕೆ ಸಿಕ್ಕೇ ಸಿಕ್ಕುತ್ತದೆ. ಕಂಬಗಳ ಮೇಲೆ ನಿಂತಿದ್ದ ಮರದ ಮನೆ, ಒಂಟಿಯಾದ ಗೋರಿ, ಅಲ್ಲಲ್ಲಿ ಚದರಿದ ಶಿಲಾಯುಧಗಳು ತಪ್ಪಿಹೋಗುತ್ತವೆ. ಬರಿದಾಗಿ ಕಂಡ ಕಂದಕವು ತನ್ನ ವಿಷಯದಲ್ಲಿ ಮಾತ್ರ ಸಾಕ್ಷಿ. ಇಡೀ ಹೊಲದ ವಿಷಯದಲ್ಲಿ ಅದು ಅನುಮಾನಪ್ರಮಾಣವೇ ಹೊರತು ಪ್ರತ್ಯಕ್ಷವಲ್ಲ. ಈ ಭೇದವನ್ನು ಮರೆತು ಕೊಟ್ಟ ಅಪ್ಪಣೆಯನ್ನು ತಿದ್ದಲು ಮುಂದೆ ಅವಕಾಶವೇ ಇಲ್ಲ. ಓಲೆಯ ಉಳಿದ ಗರಿಗಳನ್ನು ನಾಳೆ ಓದಬಹುದು, ಕಿತ್ತುಹೋದ ನೆಲವನ್ನು ಓದುವಂತಿಲ್ಲ.

ನಮ್ಮಲ್ಲಿ ಉತ್ಖನನಗಳು ಹೆಚ್ಚಾಗಿ ನಡೆದಿರುವುದು ಮೊದಲೇ ಹೆಸರಾದ ಸ್ಥಳಗಳಲ್ಲಿ. ಬ್ರಹ್ಮಗಿರಿಯ ಅಶೋಕಶಾಸನಗಳನ್ನು ರೈಸರು 1892ರಲ್ಲಿ ಕಂಡಿದ್ದುದರಿಂದಲೇ 1947ರಲ್ಲಿ ವೀಲರರ ದೃಷ್ಟಿ ಅಲ್ಲಿಗೆ ಹರಿಯಿತು. ಕೃಷ್ಣೆಗೆ ಕಟ್ಟಲಿದ್ದ ಅಣೆಕಟ್ಟಿನಿಂದ ಮುಳುಗಬೇಕಾಗಿದ್ದ ನಾಗಾರ್ಜುನಕೊಂಡದಲ್ಲಿ 1954ರಿಂದ 1960ರವರೆಗೆ ಮಹಾಪ್ರಯತ್ನವು ನಡೆದುದೂ, ಅದು ಇಕ್ಷ್ವಾಕುಗಳ ರಾಜಧಾನಿಯೆಂದು ಮೊದಲೇ ಗೊತ್ತಿದ್ದುದರಿಂದ. 1958ರ ಕಾಯಿದೆಗೆ 2010ರಲ್ಲಿ ಆದ ತಿದ್ದುಪಡಿಯು ರಕ್ಷಿತ ಸ್ಮಾರಕದ ಸುತ್ತ 100 ಮೀಟರಿನೊಳಗೆ ನಿರ್ಮಾಣವನ್ನು ನಿಷೇಧಿಸಿ, ಅದರಾಚೆ ಇನ್ನು 200 ಮೀಟರುಗಳವರೆಗೆ ನಿಯಂತ್ರಿಸುತ್ತದೆ. ಈ ಗಡಿಗಳು ಹೆಸರುಳ್ಳವನ್ನು ಕಾಯುತ್ತವೆ. ಹೆಸರಿಲ್ಲದ ಹೊಲವು ಅವುಗಳ ಆಚೆಗೆ ಉಳಿಯುತ್ತದೆ.

ಪರೀಕ್ಷಾ ಕಂದಕದ ವಿಶೇಷ ಗುಣವು ಇಲ್ಲಿಯೇ ಇದೆ. ಅದು ಸ್ಥಳದ ಕೀರ್ತಿಯನ್ನು ಕೇಳುವುದಿಲ್ಲ. ರಸ್ತೆಯು ಎಲ್ಲಿ ಹಾಯುವುದೋ ಅಲ್ಲಿ ಇಳಿದು ನೋಡುತ್ತದೆ. ಶಾಸನವನ್ನು ಕಂಡರಿಸಲು ಶಕ್ತಿಯಿಲ್ಲದ ಒಕ್ಕಲಿಗನೂ ಕುಂಬಾರನೂ ಇತಿಹಾಸಕ್ಕೆ ಬರುವುದು ಬಹುಮಟ್ಟಿಗೆ ಈ ಬಾಗಿಲಿನಿಂದ. ನಮ್ಮ ಎರೆಭೂಮಿಯು ಬೇಸಗೆಯಲ್ಲಿ ಬಿರಿದು, ಮೇಲಿನ ಚೂರುಗಳನ್ನು ಒಳಗೆ ಇಳಿಸಿಕೊಳ್ಳುವುದರಿಂದ, ಆಂಗ್ಲರ ಅಳತೆಗಳನ್ನು ಇಲ್ಲಿ ಹಾಗೆಯೇ ತರುವುದು ತರವಲ್ಲ. ನಮ್ಮ ಮಣ್ಣಿಗೆ ತಕ್ಕ ಅಳತೆಯನ್ನು ನಾವೇ ಪ್ರಯೋಗದಿಂದ ಕಂಡುಕೊಳ್ಳಬೇಕು. ಆದರೆ ಕಟ್ಟುವುದಕ್ಕೆ ಮುನ್ನ ನೋಡತಕ್ಕದ್ದೆಂಬ ತತ್ತ್ವಕ್ಕೆ ದೇಶಭೇದವಿಲ್ಲ.